ಸಿಗಾರ್ ಕಾರ್ಖಾನೆಯ ಹೊಸ ಮೇಲ್ವಿಚಾರಕನ ವರದಿ

ಡಾನ್ ಫೆರ್ಮಿನ್ ಅವರಿಗೆ,

ಸ್ವರ್ಗಕ್ಕೆ ಅಂಚೆಯಿಲ್ಲ, ಆದರೂ ಮೇಲಧಿಕಾರಿಗೆ ವರದಿ ಒಪ್ಪಿಸುವುದು ನನ್ನ ಧರ್ಮ. ನಿಮ್ಮ ಜಾಗದಲ್ಲಿ ಈಗ ನಾನೇ ಮೇಲ್ವಿಚಾರಕ. ಇಂದು ಬಾಗಿಲಲ್ಲೇ ನಿಂತು, ಸಿಗಾರ್ ಸುತ್ತುತ್ತಿದ್ದ ಹೆಂಗಸಿಗೆ, "ಇಸೌರಾ, ಸುರುಳಿ ಸಡಿಲ! ಬಿಗಿ ಮಾಡು!" ಎಂದು ಅಪ್ಪಣೆ ಕೊಟ್ಟೆ.

ತಂಬಾಕಿನ ಎಲೆ ಕತ್ತರಿಸುವ ಚೂರಿಯನ್ನು ಅವಳು ಕೆಳಗಿಟ್ಟಳು. "ಏನ್ ಸಾಹೇಬ್ರೇ, ಬಸ್ಸಿಗೆ ಜನ ಕರೀತಿದ್ದೀರಾ? ಹೀಗೇ ಕೂಗಿದ್ರೆ ನಾಳೆಯಿಂದ ಪಕ್ಕದ ಕಾರ್ಖಾನೆಗೆ ಹೋಗ್ತೀನಿ, ಅಷ್ಟೇ."

ಎಲ್ಲರೂ ಚೂರಿಯಿಂದ ಹಲಗೆ ಕುಟ್ಟಿದರು. ಕೆಲಸದ ಹೊತ್ತಿನಲ್ಲಿ ನಮಗೆ ಪತ್ರಿಕೆ ಓದಿ ಹೇಳುವವನಿಗೆ ಸಲ್ಲುವ ಆ ಚಪ್ಪಾಳೆ ಇಂದು ಅವಳಿಗೆ ಸಂದಿತು.

ಅವಳಂಥ ಪಳಗಿದ ಕೈ ಇನ್ನೆಲ್ಲಿ ಸಿಕ್ಕೀತು? ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. "ಒಂಚೂರು ಬಿಗಿ ಮಾಡ್ತೀಯೇನಮ್ಮಾ?"

"ಈಗ ಕೇಳಿಸ್ತು ನೋಡಿ," ಎಂದು ಸುರುಳಿ ಬಿಚ್ಚಿದಳು.

ನಾನು ಎಲೆ ಸುತ್ತುತ್ತಿದ್ದ ಕಾಲದಲ್ಲಿ ನೀವೂ ಹೀಗೇ ಬಂದು ನನ್ನ ಪಕ್ಕ ಕೂರುತ್ತಿದ್ದಿರಿ. ಪಾಪ, ಕಾಲುನೋವೇನೋ ಅಂದುಕೊಂಡಿದ್ದೆ.