ಮುಚ್ಚಳ ತೆಗೆದ ಬಾವಿ

೩೦ ಫೆಬ್ರವರಿ ೨೧೮೯
ಕೆಂಗಲ್ಲುಪಾಳ್ಯ

ಮೂಡಲಗಿರಿಯಪ್ಪ ತಾತನಿಗೆ,

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಅಂತ ಹುಬ್ಬೇರಿಸಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬಿದ್ದಿರುತ್ತವೆ. ನನ್ನ ಮಾತಿನಲ್ಲಿ ನಿನಗೆ ಗೊತ್ತಿಲ್ಲದ ಪದಗಳು ಬಂದಾವು, ಕ್ಷಮಿಸು. ಅವುಗಳಲ್ಲಿ ಹೆಚ್ಚಿನವು ನೀನು ಮಾಡಿದ ಕೆಲಸದಿಂದಲೇ ಹುಟ್ಟಿದವು, ಹಾಗಾಗಿ ಜಾಸ್ತಿ ಕ್ಷಮೆ ಕೇಳುವ ಮನಸ್ಸೂ ನನಗಿಲ್ಲ. ನಾನು ಲಕ್ಕಮ್ಮ, ನಿನ್ನ ಮರಿಮಗನ ಮರಿಮಗಳು. ಈ ಊರಿನ ಬಾವಿಗೆ ಉಣಿಸುವುದು ನನ್ನ ಕೆಲಸ.

ನಿನ್ನ ಶೆಡ್ಡಿನಲ್ಲಿ ಸ್ಕ್ರೂಗಳ ಜಿಡ್ಡು ತೊಳೆಯಲು ಒಂದು ದ್ರವ ಇತ್ತಲ್ಲ, ಮೂಗಿಗೆ ಸಿಹಿಯಾಗಿ ಬಡಿಯುತ್ತಿದ್ದದ್ದು, ಕೊಳೆಯಾದ ಮೇಲೆ ಹಿಂದಿನ ಬತ್ತಿದ ಕೊಳವೆಬಾವಿಗೆ ಸುರಿಯುತ್ತಿದ್ದೆಯಲ್ಲ, ಅದಕ್ಕೆ ನಾವು ಮುಕ್ಕೊಂಬ ಅನ್ನುತ್ತೇವೆ. ಅದರ ಒಂದೊಂದು ಕಣಕ್ಕೂ ಮೂರು ಕ್ಲೋರಿನ್ ಕೊಂಬುಗಳು. ನೀರಿಗಿಂತ ಭಾರ, ಇಳಿದು ಬಂಡೆಯ ಬಿರುಕಿನಲ್ಲಿ ಕೂತುಬಿಡುತ್ತದೆ. ಬತ್ತಿದ ಬಾವಿ ತಾನೇ, ಯಾರಿಗೇನು ಅಂದುಕೊಂಡಿರುತ್ತೀಯ. ಹತ್ತು ಹೆಜ್ಜೆ ಆಚೆ ಊರಿನ ಸಿಹಿನೀರಿನ ಬಾವಿ ಇತ್ತು, ಕಣ್ಣಿಗೆ ಬೀಳಲಿಲ್ಲವೇ?

ಆ ವಿಷವನ್ನು ಮುರಿಯಬಲ್ಲದ್ದು ಒಂದೇ ಒಂದು ಜೀವ. ಗಾಳಿಯಂಜಿ ಅಂತ ಅದರ ಹೆಸರು; ಗಾಳಿ ತಾಗಿದರೆ ಸಾಯುವ ಬ್ಯಾಕ್ಟೀರಿಯ. ನಾವು ಗಾಳಿ ಉಸಿರಾಡಿದರೆ ಅದು ಈ ಕೊಂಬುಗಳನ್ನೇ ಉಸಿರಾಡುತ್ತದೆ. ಅದರ ಮೈಯಲ್ಲಿರುವ ಕಿಣ್ವಗಳು ಒಂದೊಂದೇ ಕೊಂಬನ್ನು ಕೀಳುತ್ತವೆ. ಮೂರೂ ಹೋದರೆ ಉಳಿಯುವುದು ಬಾಳೆಗೊನೆ ಹಣ್ಣಾಗುವಾಗ ಬಿಡುವ ಗಾಳಿ, ಅಷ್ಟೇ. ಆದರೆ ಎರಡು ಕಿತ್ತು ನಿಂತುಹೋಯಿತೋ, ಉಳಿಯುವ ಒಂಟಿಕೊಂಬ ಮೊದಲಿನದಕ್ಕಿಂತ ಕೆಟ್ಟದ್ದು. ಕೊನೆಯ ಕೊಂಬು ಕೀಳುವ ಕಿಣ್ವ ಎಲ್ಲ ಗಾಳಿಯಂಜಿಗೂ ಇರುವುದಿಲ್ಲ, ಇದ್ದರೂ ಅದರ ಕೆಲಸ ಬಲು ನಿಧಾನ. ಅದಕ್ಕೇ ಮಂಗಳವಾರ, ಶುಕ್ರವಾರ ಬೆಳಗ್ಗೆ ಗಾಳಿಯಂಜಿಗಳ ಊಟಕ್ಕೆ ಹೆಬ್ಬೆರಳು ಗಾತ್ರದ ಕೊಳವೆಯಲ್ಲಿ ಬೆಲ್ಲದ ನೀರು ಇಳಿಸುತ್ತೇನೆ. ಗಾಳಿ ನುಗ್ಗದ ಹಾಗೆ ಬಾವಿಯ ಬಾಯಿಗೆ ಉಕ್ಕಿನ ಮುಚ್ಚಳ, ಅಂಚಿಗೆ ಮೇಣ. ಕುಡಿಯುವ ನೀರು ಇಪ್ಪತ್ತು ಮೈಲಿ ದೂರದಿಂದ ಬಂಡಿಯಲ್ಲಿ ಬರುತ್ತದೆ, ಮನೆಗೆ ಆರು ಬಿಂದಿಗೆ. ಬಂಡಿ ಬರದ ದಿನ ನಮ್ಮ ಹೆಂಗಸರು ನಿನ್ನ ಹೆಸರು ಹಿಡಿದೇ ಬೈಯುತ್ತಾರೆ. ನನಗೂ ಕೇಳಿಸುತ್ತದೆ.

ಇಷ್ಟೇ ಆಗಿದ್ದರೆ ನಿನ್ನನ್ನು ನಾನೂ ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ನನ್ನ ಕೈಯೂ ಚೊಕ್ಕವಿಲ್ಲ ತಾತ.

ಹತ್ತೊಂಬತ್ತು ವರ್ಷದ ಹಿಂದೆ ನನ್ನ ತಂಗಿ ಚೆನ್ನಾಜಿಗೆ ಹೆಣ್ಣುಮಗು ಆಯಿತು. ಬಾಣಂತಿ ಬಾವಿಗೆ ಹೋಗಿ ಅರಿಸಿನ ಕುಂಕುಮ ಹಚ್ಚಿ, ಗಂಗೆಪೂಜೆ ಮಾಡಿ, ಮೊದಲ ಕೊಡ ಸೇದಿ ತರಬೇಕು. ಇದು ನಿನಗೂ ಗೊತ್ತು. ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಆ ಪೂಜೆ ನಡೆದಿರಲಿಲ್ಲ. ನಮ್ಮ ವಂಶದ ಬಾಣಂತಿ ಬಂಡಿಯ ಡ್ರಮ್ಮಿಗೆ ಕುಂಕುಮ ಹಚ್ಚಬೇಕಾ ಅಂತ ಅಮ್ಮ ಮೂರು ದಿನ ಊಟ ಬಿಟ್ಟು ಕೂತಳು. ಆ ವಾರವೇ ಬಾವಿಯ ನೀರಿಗೆ ಅದ್ದುವ ನನ್ನ ಪರೀಕ್ಷೆಯ ಕಾಗದ ಮೊದಲ ಸಲ ಬಣ್ಣ ತಿರುಗದೆ ಬೆಳ್ಳಗೆ ಉಳಿಯಿತು. ಮುಕ್ಕೊಂಬ ಒಂದು ಹನಿಯೂ ಇಲ್ಲ! ಊರಿಗೆ ಊರೇ ಕುಣಿಯಿತು. ಒಂಟಿಕೊಂಬಕ್ಕೆ ಬೇರೆ ಪರೀಕ್ಷೆ ಉಂಟು, ಪಟ್ಟಣದಿಂದ ಉತ್ತರ ಬರಲು ಹನ್ನೆರಡು ದಿನ ಬೇಕು. ನನಗೆ ಗೊತ್ತಿತ್ತು. ಗೊತ್ತಿದ್ದೂ, ತಂಗಿಯ ಮುಖ ನೋಡಿ, ಮೇಣ ಕೆತ್ತಿ ಮುಚ್ಚಳ ಎತ್ತಿಸಿದೆ.

ಚೆನ್ನಾಜಿ ಹಸಿರು ಸೀರೆ ಉಟ್ಟಿದ್ದಳು. ಮೊದಲ ಕೊಡ ಸೇದಿ, ಬೊಗಸೆಯಲ್ಲಿ ಕುಡಿದು, ಅಕ್ಕಾ ತಣ್ಣಗಿದೆ ಕಣೇ ಅಂತ ನಕ್ಕಳು. ಆಮೇಲೆ ಮುಚ್ಚಳ ಹಾಕಲು ಜನ ಬಿಡಲಿಲ್ಲ. ಬೆಲ್ಲ ಯಾಕೆ ದಂಡ ಅಂದರು, ನಿಲ್ಲಿಸಿದೆ. ಹಗಲೆಲ್ಲ ಕೊಡಗಳು ಇಳಿದು ಗಾಳಿ ಕಲಸಿದವು, ಗಾಳಿಯಂಜಿಗಳು ಸತ್ತವು, ಅರ್ಧಕ್ಕೆ ಮುರಿದ ವಿಷ ಹಾಗೇ ನಿಂತಿತು. ಒಂಟಿಕೊಂಬ ಇದೆ ಅಂತ ಪಟ್ಟಣದ ಉತ್ತರ ಬಂದಾಗ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ನಾಲ್ಕು ತಿಂಗಳು ಕಳೆದೆ. ಆಮೇಲೆ ಮುಚ್ಚಳ ಹಾಕಿಸಿದೆ, ಕಾಗದ ಬಚ್ಚಿಟ್ಟದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷದ ಮೇಲೆ ಚೆನ್ನಾಜಿ ಯಕೃತ್ತಿನ ಗಡ್ಡೆಯಿಂದ ಹೋದಳು. ಆ ನೀರಿನಿಂದಲೇ ಅಂತ ಯಾವ ಡಾಕ್ಟರೂ ಬರೆದುಕೊಡಲಿಲ್ಲ. ನನಗೆ ಯಾರೂ ಬರೆದುಕೊಡಬೇಕಾಗಿಲ್ಲ.

ಮತ್ತೆ ಮೊದಲಿಂದ ಉಣಿಸುತ್ತಿದ್ದೇನೆ. ಈಗ ಚೆನ್ನಾಜಿಯ ಮಗಳು ಬೆಳ್ಳಿ, ತುಂಬಿದ ಬಸುರಿ. ಪರೀಕ್ಷೆಯ ಕಾಗದ ಮತ್ತೆ ಬೆಳ್ಳಗಾಗುತ್ತಿದೆ. ದೊಡ್ಡಮ್ಮಾ, ನಮ್ಮಮ್ಮ ಮಾಡಿದ ಹಾಗೆ ನಾನೂ ಗಂಗೆಪೂಜೆ ಮಾಡುತ್ತೇನೆ ಅಂತ ಕೇಳಿದಳು. ಮೊನ್ನೆ ಕೂರಿಸಿಕೊಂಡು ಎಲ್ಲ ಹೇಳಿದೆ, ಸೊಂಟಕ್ಕೆ ಸಿಕ್ಕಿಸಿದ ಕಾಗದದ ಕಥೆಯನ್ನೂ. ಅವಳು ಎದ್ದು ಹೋದಳು. ಈಗ ನನ್ನ ಜೊತೆ ಮಾತಿಲ್ಲ. ಕುಂಕುಮ ಮುಚ್ಚಳಕ್ಕೇ ಹಚ್ಚಲಿ. ಅವಳು ಎಷ್ಟು ಶಾಪ ಹಾಕಿದರೂ ಈ ಸಲ ತೆಗೆಯುವುದಿಲ್ಲ.

ನನ್ನ ಹತ್ತಿರ ನಿನ್ನದೊಂದು ಫೋಟೋ ಇದೆ. ನಿನ್ನ ಹೆಂಡತಿ ಹಸುಗೂಸನ್ನು ಅವಚಿಕೊಂಡು ಇದೇ ಬಾವಿಯ ಕಟ್ಟೆಗೆ ಅರಿಸಿನ ಹಚ್ಚುತ್ತಿದ್ದಾಳೆ, ಹಗ್ಗ ಒದ್ದೆ ಇದೆ, ಕೊಡ ತುಂಬಿದೆ. ಹಿಂದೆ ಶೆಡ್ಡಿನ ಪಕ್ಕ ನೀನು, ಕೈಯಲ್ಲಿ ಮುಕ್ಕೊಂಬದ ಡಬ್ಬ, ಕಾಲ ಬಳಿ ಕೊಳವೆಬಾವಿ. ಇನ್ನೂ ಬಗ್ಗಿಸಿಲ್ಲ.

ಕೆಳಗಿಡು ತಾತ. ಅವಳು ಆ ನೀರು ಕುಡಿಯುವವಳಿದ್ದಾಳೆ.

ಲಕ್ಕಮ್ಮ