ಹೊಸ ಮಂಡಿಗೊಂದು ಹಳೇ ಡಿಸ್ಕೋ

ಮನೆ, ಬೀದಿ ಕಡೆಯ ಕೋಣೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಹಡಗಿನ ಅಡುಗೆಮನೆಯಲ್ಲಿ ನಿಂತೂ ನಿಂತೂ ಕಾಲು ಊದಿಕೊಳ್ಳುತ್ತೆ ಎಂದು ನೀನು ಬರೆದಿದ್ದೆ. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ಎಲ್ಲರಿಗೂ ಬಡಿಸಿ ನೀನು ಹಸಿದಿರಬೇಡ. ನನ್ನ ಹೊಸ ಮಂಡಿ ಚೆನ್ನಾಗಿದೆ. ಹಳೆಯದಕ್ಕಿಂತ ಹೇಳಿದ ಮಾತು ಕೇಳುತ್ತದೆ. ನಿಮ್ಮಪ್ಪ ಮಾತ್ರ ನಾನು ನೀರು ಕುಡಿಯಲು ಎದ್ದರೂ "ಅಪ್ಪಾ, ಹುಷಾರು!" ಎಂದು ಓಡಿ ಬರುತ್ತಾನೆ. ಅವನ ಗಾಬರಿ ನೋಡಿದರೆ ಆಪರೇಷನ್ ಆದದ್ದು ನನಗೋ ಅವನಿಗೋ ಎಂದು ಅನುಮಾನ ಬರುತ್ತದೆ.

ಆಪರೇಷನ್ ಆದ ಹೊಸದರಲ್ಲಿ ನಾನು ಎಷ್ಟು ಕುಗ್ಗಿಹೋಗಿದ್ದೆ ಎಂದು ನಿನಗೆ ಬರೆದಿರಲಿಲ್ಲ. ಬಸ್ಸು ಓಡಿಸಿಕೊಂಡು ಬಾಳಿದವನು ಬಚ್ಚಲಿಗೆ ಹೋಗಲು ಮಗನ ಹೆಗಲು ಹಿಡಿಯಬೇಕಾಯಿತಲ್ಲ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದೆ. ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ನಿಮ್ಮಪ್ಪನೇ ಬಲವಂತವಾಗಿ ಕರೆದುಕೊಂಡು ಹೋದ. ಅಲ್ಲಿ ಒಬ್ಬಳು ಫಿಸಿಯೋ ಮೇಡಂ, ನಿನ್ನ ವಯಸ್ಸಿನವಳೇ, ನಾವು ಮುದುಕರೆಲ್ಲ ಅವಳಿಗೆ ಹೆದರುತ್ತೇವೆ. ಮೊದಲ ದಿನವೇ ಅವಳು ಸ್ಪೀಕರ್‌ನಲ್ಲಿ ಹಾಕಿದ್ದು ಯಾವ ಹಾಡು ಗೊತ್ತಾ? ನನ್ನ ಬಸ್ಸಿನಲ್ಲಿ ಕ್ಯಾಸೆಟ್ ಸವೆಯುವವರೆಗೂ ಹಾಕುತ್ತಿದ್ದೆನಲ್ಲ, ಅದೇ ಡಿಸ್ಕೋ ಹಾಡು! ಆದರೆ ಅದರಲ್ಲಿ ಡಿಸ್ಕೋ ಎಲ್ಲಿ ಬಂತು? ಯಾರೋ ಹೆಂಗಸು ಬರೀ ಪಿಯಾನೋ ಇಟ್ಟುಕೊಂಡು ಮಗು ಮಲಗಿಸುವ ಹಾಗೆ ಹಾಡುತ್ತಿದ್ದಳು. "ಇದೇನಮ್ಮ, ಹಾಡಿಗೆ ಜ್ವರ ಬಂದಿದೆಯಾ?" ಎಂದೆ. "ತಾತಾ, ಈ ಹಾಡನ್ನ ಹಾಡದೇ ಇರೋರೇ ಇಲ್ಲ. ನಿಮ್ಮ ಕಾಲು ಎಷ್ಟು ಓಡುತ್ತೋ ಅಷ್ಟೇ ಓಡೋ ಹಾಡು ನನ್ನ ಹತ್ರ ಇದೆ. ಸುಮ್ನೆ ಹೆಜ್ಜೆ ಇಡಿ" ಎಂದಳು. ಇಟ್ಟೆ. ಇಡದಿದ್ದರೆ ಬಿಡುತ್ತಾಳಾ?

ಹೀಗೆ ಪಿಯಾನೋ ಮುಗಿಸಿ, ಅದಕ್ಕಿಂತ ಚುರುಕಾಗಿ ಮಕ್ಕಳ ಗುಂಪು ಹಾಡಿದ್ದಕ್ಕೆ ಬಂದೆ, ಅಲ್ಲಿಂದ ಬ್ಯಾಂಡ್‌ಸೆಟ್ಟಿನವರು ಊದಿದ್ದಕ್ಕೆ. ಅಲ್ಲೇ ಸಿಕ್ಕಿಹಾಕಿಕೊಂಡೆ. ಹಿಡಿದುಕೊಂಡು ನಡೆಯುವ ವಾಕರ್ ಬಿಡಲು ಧೈರ್ಯವೇ ಬರಲಿಲ್ಲ. ನನ್ನ ಪಕ್ಕ ನಡೆಯುವವರು ಟೈಲರಮ್ಮ. ಅವರಿಗೆ ಸೊಂಟದ ಆಪರೇಷನ್. ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತಂತೆ. ಮೊದಲು ಹಾಡಿದ್ದೇ ಹಾಡು, ಮಿಕ್ಕದ್ದೆಲ್ಲ ನಕಲು ಎಂದು ನಾನು. "ನೋಡಿ ಡ್ರೈವರೇ, ಒಂದೇ ಅಳತೆ ಬಟ್ಟೆ ಎಲ್ಲರಿಗೂ ಆಗುತ್ತಾ? ಅವರವರ ಮೈಗೆ ಬಿಚ್ಚಿ ಹೊಲ್ಕೊಂಡ್ರೆ ತಪ್ಪೇನು?" ಎಂದು ಅವರು. ದಿನಾ ಇದೇ ಜಗಳ. ಜಗಳಕ್ಕೆಂದೇ ನಾನು ಬೆಳಗ್ಗೆ ಬೇಗ ತಲೆ ಬಾಚಿಕೊಂಡು ಕೂರತೊಡಗಿದೆ. ಮಂಡಿ ಸರಿಹೋಗುತ್ತಿದೆ ಎಂದು ನಿಮ್ಮಪ್ಪ ಖುಷಿಪಟ್ಟ.

ಮೊನ್ನೆ ಗುರುವಾರ ಮೇಡಂ ಕೊನೆಗೂ ಮೂಲ ಹಾಡನ್ನೇ ಹಾಕಿದಳು. ಡ್ರಮ್ಮು ಶುರುವಾಗಿ ಮೈ ಜುಮ್ಮೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ನಿಂತಲ್ಲೇ ನಿಂತೆವು. ಟೈಲರಮ್ಮ ಮಾತ್ರ ಬಾಯಲ್ಲೇ ಹಾಡು ಮುಂದುವರಿಸಿದರು. ಶ್ರುತಿ ದೇವರಿಗೇ ಪ್ರೀತಿ, ಅರ್ಧಕ್ಕರ್ಧ ಪದ ಸ್ವಂತದ್ದು. ಕಿಟಕಿ ಹತ್ತಿರದ ಮೇಷ್ಟ್ರು ಪಿಯಾನೋ ಧಾಟಿ ಹಿಡಿದರು, ಇನ್ನೊಬ್ಬರು ಬ್ಯಾಂಡಿನವರಂತೆ ಪೆಪ್ಪೆಪ್ಪೇ ಎಂದರು. ಅಂಥ ಗದ್ದಲ ನಾನು ಬಸ್ ಸ್ಟ್ಯಾಂಡಿನಲ್ಲೂ ಕೇಳಿಲ್ಲ. ತಡೆಯಲಾರದೆ, ಎರಡೂ ಕೈಯಲ್ಲಿ ತಾಳ ಹಾಕುತ್ತಾ "ಪದ ತಪ್ಪು, ಟೈಲರಮ್ಮ!" ಎನ್ನುತ್ತಾ ಅವರ ಹತ್ತಿರ ಹೋದೆ. ಇದ್ದಕ್ಕಿದ್ದಂತೆ ಎಲ್ಲರೂ ನನ್ನ ಹಿಂದಕ್ಕೆ ಬೆರಳು ತೋರಿಸಿದರು. ಮೇಡಂ ಬೈಯುವುದನ್ನೇ ಮರೆತು ಬಾಯಿ ತೆರೆದು ನಿಂತಿದ್ದಳು. ತಿರುಗಿ ನೋಡಿದರೆ ವಾಕರ್ ಅಷ್ಟು ದೂರದಲ್ಲಿ ಒಂದೇ ನಿಂತಿದೆ! "ಬಂದಿದ್ದೀರಲ್ಲ, ಸರಿಯಾದ ಪದ ಹೇಳಿಕೊಡಿ" ಎಂದರು ಟೈಲರಮ್ಮ. ಹೇಳಿಕೊಟ್ಟೆ. ಮತ್ತೆ ತಪ್ಪೇ ಹಾಡಿದರು. ಈಗ ನನ್ನ ಬಾಯಿಗೂ ಅದೇ ತಪ್ಪು ಪದ ಬರುತ್ತದೆ, ಏನು ಮಾಡಲಿ?

ನಿಮ್ಮಮ್ಮ ಅಡುಗೆಮನೆಯಿಂದಲೇ ನಿನ್ನನ್ನು ವಿಚಾರಿಸಿದ್ದಾಳೆ. ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಕಡಲು ನಿನ್ನನ್ನು ಮೆಲ್ಲಗೆ ತೂಗಲಿ, ಒಲೆ ಕೈ ಸುಡದಿರಲಿ.

ಇತಿ,
ನಿನ್ನ ತಾತ

ಮರೆತಿದ್ದೆ: ನಾನೂ ಟೈಲರಮ್ಮನೂ ಮದುವೆಯಾಗೋಣ ಅಂತಿದ್ದೇವೆ. ಕೇಳಿದ್ದು ಅವರು, ತಕ್ಷಣ ಹ್ಞೂಂ ಎಂದದ್ದು ನಾನು. ನಿಮ್ಮಜ್ಜಿಯ ಫೋಟೋ ಮುಂದೆ ನಿಂತು ಎಲ್ಲರಿಗಿಂತ ಮೊದಲು ಅವಳಿಗೇ ಹೇಳಿದೆ. ಬೈದ ಹಾಗೆ ಕಾಣಲಿಲ್ಲ. ನಿಮ್ಮಪ್ಪನಿಗೆ ಹೇಳುವ ಧೈರ್ಯ ಮಾತ್ರ ನನಗಿಲ್ಲ. ಹಡಗು ದಡ ಮುಟ್ಟಿದ ಕೂಡಲೇ ಫೋನ್ ಮಾಡಿ ನೀನೇ ಹೇಳಿಬಿಡು, ನನ್ನ ಬಂಗಾರ. ಹೇಳುವ ಮೊದಲು ಅವನು ಕುರ್ಚಿಯಲ್ಲಿ ಕೂತಿದ್ದಾನಾ ಅಂತ ಕೇಳಿಕೋ.