'ಬ್ರಿಂಗ್ ಅಪ್'ಗೆ ಮೂರು ವಾಕ್ಯ

ಸೋಮವಾರ, ೬ ಜುಲೈ ೧೯೯೮. ಸಂಜೆ ೫

ಫಸ್ಟ್ ಶಿಫ್ಟ್ ಮುಗಿಸಿ ಬಂದು ಅನ್ನಕ್ಕಿಟ್ಟೆ. ಸಾರು ಬೆಳಗಿನದೇ. ಮಗಳು ತನುಜಾ ಸ್ಕೂಲಿನಿಂದ ಬಂದವಳೇ ಇಂಗ್ಲಿಷ್ ಗೈಡ್ ಹಿಡಿದು ಪಕ್ಕದಲ್ಲಿ ಕೂತಳು. 'ಬ್ರಿಂಗ್ ಅಪ್' — ಮೂರು ಅರ್ಥ, ಮೂರು ವಾಕ್ಯ. ಇಂಥದ್ದನ್ನೆಲ್ಲ ಅವಳಮ್ಮ ಜಯಶೀಲಾ ಹೇಳಿಕೊಡುತ್ತಿದ್ದಳು. ನನ್ನದು ಕನ್ನಡ ಮೀಡಿಯಂ ಎಸೆಸೆಲ್ಸಿ.

ಮೊದಲ ಅರ್ಥ, ಸಾಕಿ ಬೆಳೆಸುವುದು. ಗೈಡಿನ ಉದಾಹರಣೆ — ತಾಯಿ ಸತ್ತ ಮೇಲೆ ಹುಡುಗಿಯನ್ನು ಅತ್ತೆ ಬೆಳೆಸಿದಳು.

"ಇದನ್ನೇ ಬರೀಲಾ ಅಪ್ಪ?"

"ಬೇಡ. ಬೇರೆ ಬರಿ."

ನಾಯಿಮರಿ ಸಾಕಿದ್ದರ ಬಗ್ಗೆ ಬರೆದಳು.

ಮಂಗಳವಾರ

ಹೊಳೆಹೊನ್ನೂರಿನಿಂದ ವೀರಕ್ಕ ಬಂದಿದ್ದಳು. ಜಯಶೀಲಾ ತೀರಿಕೊಂಡ ಮೇಲೆ ಅಕ್ಕನದು ಒಂದೇ ಮಾತು.

"ಲೋ ಹಾಲಸ್ವಾಮಿ, ನೀನು ನೈಟ್ ಶಿಫ್ಟಿಗೆ ಹೋದ್ರೆ ಹೆಣ್ಣು ಹುಡುಗಿ ಒಬ್ಳೇ ಹೆಂಗೋ ಮಲಗೋದು? ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ. ಟಿ.ಸಿ. ತೆಗೆಸಿಡು."

"ಕಾಫಿ ಕುಡೀತೀಯಾ ಅಕ್ಕ?"

"ಕಾಫಿ ಆಮೇಲೆ ಮಾರಾಯ, ಮೊದ್ಲು ಹೂಂ ಅನ್ನು."

ಹೂಂ ಅಂದುಬಿಟ್ಟೆ. ತನುಜಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

ಗುರುವಾರ. ಸಂಜೆ

ತನುಜಾಳದು ಎರಡು ದಿನದಿಂದ ಮಾತಿಲ್ಲ. ಇವತ್ತು ತಿಂದದ್ದೆಲ್ಲ ವಾಂತಿ. ಜ್ವರವಿಲ್ಲ. ಅವಳ ಹಣೆ ಹಿಡಿದುಕೊಂಡು ನಿಂತೆ. ಬಾಯಿ ತೊಳೆದವಳು, "ಎರಡನೇ ಅರ್ಥ ಇದೇ ಅಪ್ಪ, ಕಕ್ಕೋದು" ಅಂದಳು. ಥೇಟ್ ಅವಳಮ್ಮನ ಮಾತಿನ ಹಾಗೇ... ನಗಬೇಕೋ ಅಳಬೇಕೋ.

"ಮೂರನೇದು?"

"ಒಂದು ವಿಷಯ ಎತ್ತೋದು. ಮನಸ್ಸಲ್ಲಿ ಇಟ್ಕೊಂಡಿದ್ದನ್ನ."

ನೀರಿನ ಲೋಟ ಕೊಟ್ಟು ಕೇಳಿದೆ. "ಅತ್ತೆ ಮನೆ ಬೇಡ್ವಾ ನಿಂಗೆ?"

"ನೀನು ಹೂಂ ಅಂದ್ಯಲ್ಲ. ನನ್ನ ಕೇಳಿದ್ಯಾ?"

ಎದ್ದು ಗಂಜಿಗೆ ನೀರಿಟ್ಟೆ.

ಶನಿವಾರ. ಸಂಜೆ ೪

ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವಾಗ, ಟೀ ಹೊತ್ತಿಗೆ, ನನ್ನ ಲೇತಿಗೇ ಮುಂದಿನ ಶಿಫ್ಟಿಗೆ ಬರುವ ಸೊಹೇಲನನ್ನು ಕೇಳಿದೆ. ನನ್ನ ನೈಟ್ ಶಿಫ್ಟ್ ಅವನಿಗೆ, ಅವನ ಫಸ್ಟ್ ಶಿಫ್ಟ್ ನನಗೆ — ಮ್ಯೂಚುಯಲ್. ಯಾಕೆಂದೂ ಹೇಳಿದೆ.

ಸೊಹೇಲ್ ಲೋಟ ಕೆಳಗಿಟ್ಟ. "ಇಷ್ಟು ವರ್ಷ ಒಂದೇ ಲೇತ್ ಮುಂದೆ ನಿಂತಿದೀವಿ, ಬಾಯಿ ಬಿಟ್ಟಿದ್ದು ಇವತ್ತೇ ನೀವು. ಮಾಡ್ತೀನಿ ಹಾಲಣ್ಣ. ಮನೇಲೂ ನಂಗೆ ನಿದ್ದೆ ಎಲ್ಲಿ, ಸಣ್ಣ ಮಗು ರಾತ್ರಿಯೆಲ್ಲ ಕೂಗುತ್ತೆ. ಫೋರ್‌ಮನ್‌ಗೆ ನಾನು ಹೇಳ್ಲಾ?"

"ಬೇಡ, ನಾನೇ ಹೇಳ್ತೀನಿ."

ಹೇಳಿದೆ. ದಸರಾವರೆಗೆ ಒಪ್ಪಿದ್ದಾರೆ. ಆಮೇಲಿನದು ಗೊತ್ತಿಲ್ಲ.

ಟಿ.ಸಿ. ಕೇಳಲು ಹೋಗಲೇ ಇಲ್ಲ. ತನುಜಾ ಈಗಷ್ಟೇ ಕೇಳಿದಳು — "ಅತ್ತೆಗೆ ನೀನು ಹೇಳ್ತೀಯೋ, ನಾನೇ ಹೇಳ್ಲೋ?" ನಾನೇ ಅಂದೆ. ಅಕ್ಕ ಕೂಗಾಡುತ್ತಾಳೆ. ಅಳುತ್ತಾಳೆ ಕೂಡ. ಏನೆಂದು ಶುರು ಮಾಡುವುದು...

ಹೊಳೆಹೊನ್ನೂರಿನ ಬಸ್ಸು ನಾಳೆ ಒಂಬತ್ತಕ್ಕೆ ಬರುತ್ತದೆ.